ಅವ್ವನ ಪದ ಹುಡುಕಿದ ಬಗೆ

ನಮ್ಮೂರು ಮಂಡ್ಯದ ನಾಲೆ ಬಯಲಿನಲ್ಲಿದೆ. ಮದುವೆ, ಒಸಗೆ, ತೊಟ್ಟಿಲು ಶಾಸ್ತ್ರ ಏನೇ ಇರಲಿ, ಸೋಬಾನೆ ಹೇಳೋಕೆ ಅವ್ವನನ್ನೇ ಕರೆಯುತ್ತಿದ್ದರು. ಅವ್ವ ತೀರಿಕೊಂಡ ಮೇಲೆ ನೋಡಿದರೆ ಫೋನಿನಲ್ಲಿ ಅವಳ ಫೋಟೊ ಬೇಕಾದಷ್ಟಿವೆ, ದನಿ ಮಾತ್ರ ಎಲ್ಲೂ ಇಲ್ಲ. ಅದೇ ಹೊತ್ತಿಗೆ ಮಗಳು ಬಸುರಿ. ಬಾಣಂತನಕ್ಕೆ ನಮ್ಮ ಮನೆಗೇ ಬರುವವಳು. ಮಗುವನ್ನು ತೊಟ್ಟಿಲಿಗೆ ಹಾಕುವ ದಿನ ಯೂಟ್ಯೂಬ್ ಹಚ್ಚಿ ಜೋಗುಳ ಕೇಳಿಸೋದು ನನಗೆ ಒಗ್ಗಲಿಲ್ಲ.

ಸೋಬಾನೆ ಪದಗಳ ಪುಸ್ತಕಗಳೇನೋ ಸಿಗುತ್ತವೆ. ಆದರೆ ಧಾಟಿ ಅಚ್ಚಾಗೋದಿಲ್ಲ, ಅಲ್ವಾ? ಊರೂರಿಗೆ ಧಾಟಿಯೂ ಬೇರೆ, ನುಡಿಯೂ ಬೇರೆ. ನನಗೆ ಬೇಕಿದ್ದುದು ಅವ್ವ ಹೇಳುತ್ತಿದ್ದ ಪದ.

ಸೋಬಾನೆಯಲ್ಲಿ ಒಬ್ಬರು ಸೊಲ್ಲು ಹೇಳಿಕೊಟ್ಟರೆ ಉಳಿದವರು ಎತ್ತಿಕೊಳ್ಳುತ್ತಾರೆ. ಅವ್ವ ಮುಂದೆ ಹೇಳುವವಳು. ಅವಳ ಹಿಂದೆ ಹೇಳುತ್ತಿದ್ದ ಹೆಂಗಸರು ಕೆಲವರು ಊರಲ್ಲಿದ್ದಾರೆ. ಅವರ ಹತ್ತಿರ ಹೋದೆ. ಫೋನು ಮುಂದಿಟ್ಟು "ಹೇಳಿ ಚಿಕ್ಕವ್ವ" ಅಂದರೆ ಸೆರಗು ಸರಿಮಾಡಿಕೊಂಡು ಸುಮ್ನೆ ಕೂತರು. "ನಿಮ್ಮವ್ವ ಹೇಳ್ಕೊಟ್ರೆ ಬರೋದು ಕನವ್ವ, ನಾವಾಗೇ ಅಂದ್ರೆ ಬರಾಕಿಲ್ಲ." ಅದು ನೆಪವಲ್ಲ. ಮೊದಲ ಸಾಲು ಅವ್ವನ ಜೊತೆಗೇ ಹೋಗಿತ್ತು.

ಅಷ್ಟರಲ್ಲಿ ಅವರೆಕಾಯಿ ಕಾಲ ಬಂತು. ಸಂಜೆ ಜಗಲಿ ಮೇಲೆ ನೆನೆಸಿದ ಕಾಳು ಹಿತುಕುತ್ತಾ ಎಲ್ಲರೂ ಕೂರುತ್ತಾರೆ. ನಾನೂ ಒಂದು ಬೋಗುಣಿ ಹಿಡಿದು ಕೂತೆ. ಅವರಿಗೆ ಹೇಳಿಯೇ ಫೋನನ್ನು ಮೊರದ ಪಕ್ಕ ಕವುಚಿಟ್ಟೆ. ಅರೆಬರೆ ನೆನಪಿದ್ದ ಸಾಲೊಂದನ್ನು ಬೇಕಂತಲೇ ತಪ್ಪಾಗಿ ಹೇಳಿದೆ. "ಹಂಗಲ್ಲ ಕನವ್ವ ಅದು!" ಅಂತ ಮೂರು ಕಡೆಯಿಂದ ಬಂತು. ತಿದ್ದಿದ ಸಾಲಿನ ಹಿಂದೆಯೇ ಮುಂದಿನ ನುಡಿ. ಹೆಬ್ಬೆರಳು ಒತ್ತಿದಾಗ ಬೇಳೆ ಪುಳಕ್ಕನೆ ಹಾರಿ ಬೋಗುಣಿಗೆ ಬೀಳೋದೇ ತಾಳ. ಪದ ಬೇಕಿದ್ದರೆ ಯಾರನ್ನೂ ಕೇಳಬೇಡಿ, ತಪ್ಪಾಗಿ ಹೇಳಿ. ತಿದ್ದದೆ ಬಿಡುವ ಅಜ್ಜಿಯನ್ನು ನಾನಂತೂ ಕಂಡಿಲ್ಲ.

ಒಂದು ಕಡೆ ನುಡಿಯ ನಡುವೆ ಎಲ್ಲರೂ ತಟ್ಟನೆ ನಿಂತರು. ಮರೆತರೇನೋ ಅಂದುಕೊಂಡೆ. "ಇಲ್ಲಿ ನಿಮ್ಮವ್ವ ಎಲೆಅಡಿಕೆ ಆ ಕಡೆ ದವಡೆಗೆ ತಳ್ಕೊತಿದ್ಲು. ಅವ್ಳು ನಿಂತ್ರೆ ನಾವೂ ನಿಲ್ತಿದ್ವಿ" ಅಂದರು ಚಿಕ್ಕವ್ವ. ತಿಥಿಯ ದಿನವೂ ಬಾರದ ಅಳು ಆಗ ಬಂತು, ನಗುವಿನ ಜೊತೆಗೇ. ಈಗ ಆ ನಿಲುಗಡೆ ಪದದ್ದೇ ಆಗಿಬಿಟ್ಟಿದೆ. ಬಾಯಲ್ಲಿ ಎಲೆಅಡಿಕೆ ಇಲ್ಲದಿದ್ದರೂ ನಾನು ಅಲ್ಲಿ ನಿಲ್ಲಿಸುತ್ತೇನೆ.

ಇನ್ನೊಂದು ಪದದಲ್ಲಿ ಕನ್ನಂಬಾಡಿ ಕಟ್ಟೆ ಬರುತ್ತದೆ. ಕಟ್ಟೆ ಕೆಲಸ ಶುರುವಾಗಿದ್ದೇ 1911ರಲ್ಲಿ. ಅಂದರೆ ಆ ನುಡಿಯನ್ನು ಆಮೇಲೆ ಯಾರೋ ಹೆಣ್ಣುಮಗಳು ಸೇರಿಸಿದ್ದಾಳೆ. ಅವಳು ಯಾರ ಅಪ್ಪಣೆಯನ್ನೂ ಕೇಳಿರಲಿಕ್ಕಿಲ್ಲ. ಸರಿ, ನಾನೂ ಒಂದು ನುಡಿ ಕಟ್ಟಿದೆ:

ಅವ್ವಿಲ್ದ ಮನೆಗೆ ಪುಟ್ಟವ್ವ ಬಂದವಳೆ
ತೂಗಿರೆ ಕೇರಿ ಅಕ್ಕದಿರೆ

ಹೆಣ್ಣು ಕೂಸು ಹುಟ್ಟಿತ್ತು. ತೊಟ್ಟಿಲಿಗೆ ಹಾಕುವ ದಿನ ಹೆಂಗಸರೆಲ್ಲ ಬಂದರು. ಮುಂದೆ ಹೇಳುವವಳು ನಾನೇ ಆಗಬೇಕಾಯಿತು, ಗಂಟಲು ಒಣಗಿ ಹೋಗಿತ್ತು. ನನ್ನ ನುಡಿ ಬಂದಾಗ ಯಾರೂ ಎತ್ತಿಕೊಳ್ಳಲಿಲ್ಲ. "ತೊಟ್ಲು ಮುಂದೆ ಇಲ್ಲ ಅನ್ಬಾರ್ದು ಕನವ್ವ" ಅಂದರು ಚಿಕ್ಕವ್ವ. ಆಮೇಲೆ ಅವರೇ ತಿದ್ದಿ ಹೇಳಿದರು: "ಅವ್ವನ ಮನೆಗೆ ಪುಟ್ಟವ್ವ ಬಂದವಳೆ." ಈ ಸಲ ಎಲ್ಲರೂ ಎತ್ತಿಕೊಂಡರು. ನಾನು ಬರೆದಿದ್ದಕ್ಕಿಂತ ಅದೇ ಚೆನ್ನಾಗಿದೆ, ಹಾಗೇ ಬರೆದಿಟ್ಟಿದ್ದೇನೆ.

ಒಸಗೆ ಪದದ ಕೊನೆಯ ನುಡಿಗಳು ಇನ್ನೂ ಸಿಕ್ಕಿಲ್ಲ. ಮಳವಳ್ಳಿ ಕಡೆ ಕೊಟ್ಟಿರುವ ನಮ್ಮ ಸೋದರತ್ತೆಗೆ ಬರುತ್ತವಂತೆ. ಅವರಿಗೆ ಕಿವಿ ಸ್ವಲ್ಪ ಮಂದ. ತಪ್ಪನ್ನು ಜೋರಾಗಿಯೇ ಹೇಳಬೇಕು.