ವೀಣೆಯ ಹಿಂದೊಂದು ‘ಕುಂಯ್’: ಆಡಿಯೋ ಇಂಟರ್‌ಫೇಸ್‌ಗೆ ನಾನೇ ಬೋರ್ಡು ಮಾಡಿಕೊಂಡದ್ದು

ಆಡಿಯೋ ಇಂಟರ್‌ಫೇಸ್ ಅಂದರೆ ವಾದ್ಯದ ದನಿಯನ್ನು ಯುಎಸ್‌ಬಿ ಮೂಲಕ ಲ್ಯಾಪ್‌ಟಾಪಿಗೆ ಮುಟ್ಟಿಸುವ ಸಾಧನ. ಅದಕ್ಕೆ ನಾನು ಮಾಡಿದ ಮೊದಲನೇ ಸರ್ಕ್ಯೂಟ್ ಬೋರ್ಡಿನಲ್ಲಿ ಅಮ್ಮನ ವೀಣೆ ರೆಕಾರ್ಡ್ ಮಾಡಿ ಕೇಳಿದಾಗ ಮೋಹನ ರಾಗದ ಹಿಂದೆ ಇನ್ನೊಂದು ಶ್ರುತಿಯೂ ಇತ್ತು. ಸಣ್ಣಗೆ, ಎಡೆಬಿಡದೆ, ‘ಕುಂಯ್’ ಅಂತ. ಅಮ್ಮ ಹೆಡ್‌ಫೋನನ್ನು ಒಂದು ಕಿವಿಗೆ ಒತ್ತಿಕೊಂಡು, “ಇದ್ಯಾವ ಶ್ರುತಿಪೆಟ್ಟಿಗೆ ಹಾಕಿದ್ದೀಯೋ, ನನ್ನ ವೀಣೆಗೆ ಸೇರ್ತಾನೇ ಇಲ್ಲ” ಅಂದಳು.

ಯಾವ ಕಂಪನದ ಸದ್ದು ಎಷ್ಟಿದೆ ಅಂತ ತೋರಿಸುವ ಸ್ಪೆಕ್ಟ್ರಂ ತೆಗೆದು ನೋಡಿದೆ. ಸರಿಯಾಗಿ 1000 ಹರ್ಟ್ಜ್‌ನಲ್ಲಿ ಒಂದು ಮುಳ್ಳು, 2000, 3000, 4000ದಲ್ಲಿ ಅದರ ಮರಿಗಳು. ಅಷ್ಟು ಕರಾರುವಾಕ್ಕಾದ ಸಂಖ್ಯೆ ವೀಣೆಯಿಂದಂತೂ ಬರುವುದಿಲ್ಲ. ಯುಎಸ್‌ಬಿ ಫುಲ್ ಸ್ಪೀಡಿನಲ್ಲಿ ಪ್ರತಿ 1 ಮಿಲಿಸೆಕೆಂಡಿಗೆ ಒಂದು ಫ್ರೇಮು, ಅಂದರೆ ಡೇಟಾ ಸಾಗಿಸುವ ಒಂದು ಸರದಿ. 48 ಕಿಲೋಹರ್ಟ್ಜ್, 24 ಬಿಟ್, ಎರಡು ಚಾನೆಲ್ ಎಂದರೆ ಪ್ರತಿ ಫ್ರೇಮಿಗೆ 288 ಬೈಟು. ಸೆಕೆಂಡಿಗೆ ಸಾವಿರ ಸಲ ಬೋರ್ಡಿನ ಮಿದುಳಾದ ನನ್ನ ಮೈಕ್ರೋಕಂಟ್ರೋಲರು ದಡಬಡಿಸಿ ಎದ್ದು, ಅಷ್ಟನ್ನೂ ಸಾಗಿಸಿ, ಮತ್ತೆ ಸುಮ್ಮನಾಗುತ್ತಿತ್ತು. ಆ ದಡಬಡಿಕೆಯ ಕರೆಂಟೇ ಮೋಹನದಲ್ಲಿ ಬೆರೆತಿದ್ದು.

ಅಂಗಡಿಯಲ್ಲಿ ಸಿಗುವ ಇಂಟರ್‌ಫೇಸ್ ತಂದಿದ್ದರೆ ಒಂದು ಮಧ್ಯಾಹ್ನದಲ್ಲಿ ಕೆಲಸ ಮುಗಿಯುತ್ತಿತ್ತು, ಒಪ್ಪುತ್ತೇನೆ. ಆದರೆ ನಾನು ವೀಣೆಯ ಕೊಡಕ್ಕೆ ಅಂಟಿಸಲು ಹೊರಟಿದ್ದು ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆಯಾದ ಎಸ್.ಪಿ. ರೋಡಿನಲ್ಲಿ ಚಿಲ್ಲರೆ ಕಾಸಿಗೆ ಸಿಗುವ 27 ಮಿಲಿಮೀಟರಿನ ಪಿಯೆಜೊ ಬಿಲ್ಲೆ, ಅಲುಗಾಟವನ್ನು ವೋಲ್ಟೇಜು ಮಾಡಿಕೊಡುವಂಥದ್ದು. ಅದು ನೋಡಲು ಮೈಕು, ಸರ್ಕ್ಯೂಟಿನ ಲೆಕ್ಕದಲ್ಲಿ ಬರೀ ಕೆಪ್ಯಾಸಿಟರು. ಸುಮಾರು 20 ನ್ಯಾನೋಫ್ಯಾರಡ್. ದನಿಯ ವೋಲ್ಟೇಜನ್ನು ಅಂಕಿಗಳಾಗಿಸುವ ಚಿಪ್ಪಿಗೆ ಎಡಿಸಿ ಅನ್ನುತ್ತಾರೆ; ನಾನು ಆರಿಸಿದ್ದ ಪಿಸಿಎಂ1808 ಎಡಿಸಿಯ ಇನ್‌ಪುಟ್ ರೆಸಿಸ್ಟೆನ್ಸ್ 60 ಕಿಲೋಓಮ್. ನೇರ ಸೇರಿಸಿದರೆ ಸುಮಾರು 130 ಹರ್ಟ್ಜ್‌ನಿಂದ ಕೆಳಕ್ಕೆ ದನಿ ಕುಸಿಯಲು ಶುರುವಾಗಿ ಮಂದ್ರದ ತಂತಿ ಒಣಗಿದ ಹಾಗೆ ಕೇಳುತ್ತದೆ. 1 ಮೆಗಾಓಮ್ ಇನ್‌ಪುಟ್ ಇರುವ ಪುಟ್ಟ ಬಫರ್ ಮುಂದಿಟ್ಟರೆ ಕೆಳಗಿನದ್ದೆಲ್ಲ ವಾಪಸ್ಸು ಬರುತ್ತದೆ. ಅದಕ್ಕೆ ಹಳೇ ಅಭ್ಯಾಸದಂತೆ ಟಿಎಲ್072 ಎಂಬ ಆಂಪ್ಲಿಫೈಯರ್ ಚಿಪ್ಪು ತಂದು, ಯುಎಸ್‌ಬಿಯ 5 ವೋಲ್ಟಿನಲ್ಲಿ ಓಡಿಸಲು ಹೋಗಿ ಒಂದು ಭಾನುವಾರ ಕಳೆದುಕೊಂಡೆ. ಅಷ್ಟು ಕಮ್ಮಿ ವೋಲ್ಟೇಜಿನಲ್ಲಿ ಅದಕ್ಕೆ ಉಸಿರಾಡಲಾಗದು, ಜೋರಾಗಿ ಮೀಟಿದರೆ ಸಾಕು, ದನಿ ಒಡೆಯುತ್ತದೆ. 5 ವೋಲ್ಟಿನಲ್ಲೇ ಆ ತುದಿಯಿಂದ ಈ ತುದಿಯವರೆಗೆ ಹೋಗಿಬರುವ ಎಂಸಿಪಿ6022 ಹಾಕಿದ ಮೇಲೆ ಸರಿಹೋಯಿತು.

ಕ್ಲಾಕಿನ ವಿಷಯದಲ್ಲಿ ಮಾತ್ರ ಮೊದಲಿಂದಲೂ ಹಟ ಹಿಡಿದಿದ್ದೆ. ಸಂಗೀತ ಕಚೇರಿಯಲ್ಲಿ ತಾಳ ಹಾಕುವವರು ಇಬ್ಬರಾದರೆ ಏನಾಗುತ್ತದೆ ಅಂತ ನೋಡಿದ್ದೇನೆ. ಇಲ್ಲಿ ತಾಳ 12.288 ಮೆಗಾಹರ್ಟ್ಜ್ ಆಸಿಲೇಟರಿನದ್ದು. ಎಡಿಸಿ ಅದನ್ನು 256ರಿಂದ ಭಾಗಿಸಿ 48 ಕಿಲೋಹರ್ಟ್ಜ್ ಮಾಡಿಕೊಂಡು, ಬಿಟ್ ಕ್ಲಾಕನ್ನೂ ತಾನೇ ಕೊಡುತ್ತದೆ. ನನ್ನ ಮೈಕ್ರೋಕಂಟ್ರೋಲರು ಎಸ್‌ಟಿಎಂ32 ಹಿಂದೆ ಕೂತು ಕೇಳಿಸಿಕೊಳ್ಳುವ ಶಿಷ್ಯ. ಲ್ಯಾಪ್‌ಟಾಪಿನ ಮಿಲಿಸೆಕೆಂಡಿಗೂ ನನ್ನ ಆಸಿಲೇಟರಿಗೂ ಕೂದಲೆಳೆ ವ್ಯತ್ಯಾಸ ಇದ್ದೇ ಇರುತ್ತದಲ್ಲ, ಅದಕ್ಕೆ ಫರ್ಮ್‌ವೇರಿನಲ್ಲಿ 48ರ ಬದಲು ಯಾವಾಗಲೋ ಒಮ್ಮೆ 49 ಅಥವಾ 47 ಸ್ಯಾಂಪಲ್ ಕಳಿಸಿದರಾಯಿತು.

ಮತ್ತೆ ಆ ‘ಕುಂಯ್’ಗೆ ಬರುತ್ತೇನೆ. ತಪ್ಪು ನನ್ನದೇ, ಅದೂ ಹೆಮ್ಮೆಯಿಂದ ಮಾಡಿದ್ದು. ಅನಲಾಗ್ ಗ್ರೌಂಡು ಬೇರೆ, ಡಿಜಿಟಲ್ ಗ್ರೌಂಡು ಬೇರೆ ಇರಬೇಕು ಅಂತ ಎಲ್ಲೋ ಓದಿದ್ದನ್ನು ವೇದವಾಕ್ಯ ಮಾಡಿಕೊಂಡು, ತಾಮ್ರದ ಎರಡು ಲೇಯರಿನ ಬೋರ್ಡಿನಲ್ಲಿ ಗ್ರೌಂಡಾಗಿದ್ದ, ಅಂದರೆ ಕರೆಂಟು ಹಿಂದಿರುಗುವ ದಾರಿಯಾಗಿದ್ದ ಕೆಳಗಿನ ತಾಮ್ರವನ್ನು ನಡುವೆ ಸೀಳಿದ್ದೆ. ಎರಡೂ ಸೇರುವುದು ಬೋರ್ಡಿನ ತುದಿಯಲ್ಲಿ, ಯುಎಸ್‌ಬಿ ಕನೆಕ್ಟರಿನ ಹತ್ತಿರ ಮಾತ್ರ. ಆದರೆ ಎಡಿಸಿಯಿಂದ ಮೈಕ್ರೋಕಂಟ್ರೋಲರಿಗೆ ದನಿಯ ಅಂಕಿಗಳನ್ನೂ ಕ್ಲಾಕನ್ನೂ ಒಯ್ಯುವ ಐ-ಟು-ಎಸ್‌ನ ಮೂರು ಟ್ರ್ಯಾಕು ಆ ಸೀಳಿನ ಮೇಲೆಯೇ ಹಾದುಹೋಗಿದ್ದವು. ಬೋರ್ಡು ವಿನ್ಯಾಸದ ತಂತ್ರಾಂಶ ಕೀಕ್ಯಾಡಿನಲ್ಲಿ ನೋಡಿದರೆ ಬಲು ಚಂದ, ಒಂದೇ ಒಂದು ಎರರ್ ಇಲ್ಲ. (ಅದರ ಹೆಸರನ್ನು ಕಿಕ್ಯಾಡ್ ಅನ್ನಬೇಡಿ, ಕೀ-ಕ್ಯಾಡ್.)

ಹೋದ ಕರೆಂಟು ವಾಪಸ್ಸು ಬರಲೇಬೇಕು. ವೇಗದ ಸಿಗ್ನಲ್ಲಾದರೆ ಅದು ತನ್ನ ಟ್ರ್ಯಾಕಿನ ಕೆಳಗಿರುವ ಗ್ರೌಂಡಿನಲ್ಲೇ, ನೆರಳಿನ ಹಾಗೆ ಹಿಂದಿರುಗುತ್ತದೆ. ಬಿಟ್ ಕ್ಲಾಕು ಬರೀ 3.072 ಮೆಗಾಹರ್ಟ್ಜ್ ಇರಬಹುದು, ಆದರೆ ಅದರ ಅಂಚು ಏರಿಳಿಯುವುದು ನ್ಯಾನೋಸೆಕೆಂಡಿನ ಲೆಕ್ಕದಲ್ಲಿ. ದಾರಿಯಲ್ಲಿ ಸೀಳಿದ್ದರೆ? ಔಟರ್ ರಿಂಗ್ ರೋಡಿನಲ್ಲಿ ಎದುರುಗಡೆಯೇ ಕಾಣುವ ಅಂಗಡಿಗೆ ಹೋಗಲು ಯು-ಟರ್ನ್ ಮುಚ್ಚಿದ್ದಾರೆಂದು ಮುಂದಿನ ಫ್ಲೈಓವರ್‌ವರೆಗೂ ಹೋಗಿ ಬರುತ್ತೇವಲ್ಲ, ಹಾಗೆ. ನನ್ನ ಬೋರ್ಡಿನಲ್ಲಿ ಕ್ಲಾಕಿನ ಕರೆಂಟೂ ಯುಎಸ್‌ಬಿಯ ಕರೆಂಟೂ ತುದಿಯ ಆ ಒಂದೇ ಇಕ್ಕಟ್ಟಿನಲ್ಲಿ ನುಗ್ಗಾಡುತ್ತಿದ್ದವು. ಅಲ್ಲಿ ಹುಟ್ಟಿದ ವೋಲ್ಟೇಜನ್ನು ಎಡಿಸಿ ಪಾಪ, ವೀಣೆ ಎಂದೇ ನಂಬಿತ್ತು.

ಪರೀಕ್ಷೆಗೆ ಹೆಚ್ಚೇನೂ ಬೇಕಾಗಲಿಲ್ಲ. ಎಡಿಸಿಯ ಕೆಳಗೆ ಸೀಳಿನ ಎರಡೂ ಬದಿಯ ಹಸಿರು ಮಾಸ್ಕನ್ನು ಬ್ಲೇಡಿನಿಂದ ಕೆರೆದೆ. ತಾಮ್ರ ಹೊಳೆಯಿತು. ಸೋಲ್ಡರ್ ತೆಗೆಯುವ ತಾಮ್ರದ ಜಾಲರಿಯನ್ನು ಉಗುರಿನಷ್ಟು ಕತ್ತರಿಸಿ, ಸೇತುವೆಯ ಹಾಗೆ ಅಡ್ಡ ಇಟ್ಟು ಬೆಸೆದೆ. ಇಷ್ಟು ತಾಮ್ರ ಬಿಸಿಯಾಗಲು ನನ್ನ 25 ವ್ಯಾಟಿನ ಐರನ್ನು ಒದ್ದಾಡಿತು. ಮತ್ತೆ ರೆಕಾರ್ಡ್ ಮಾಡಿದರೆ ಆ ಮುಳ್ಳು ಮೈನಸ್ 68 ಡೆಸಿಬೆಲ್‌ನಿಂದ ಮೈನಸ್ 85ಕ್ಕೆ ಇಳಿದಿತ್ತು. ರಾತ್ರಿ ಒಂದೂವರೆ. ಯಾರನ್ನೂ ಎಬ್ಬಿಸಿ ಹೇಳುವ ಹಾಗಿಲ್ಲ.

ಎರಡನೇ ಬೋರ್ಡಿಗೆ ನಾಲ್ಕು ಲೇಯರು ಹಾಕಿದೆ, ಒಳಗಿನ ಒಂದು ಲೇಯರು ಪೂರ್ತಿ ಗ್ರೌಂಡು, ಸೀಳಿಲ್ಲ. ಬೇರೆ ಮಾಡಿದ್ದು ಗ್ರೌಂಡನ್ನಲ್ಲ, ಜಾಗವನ್ನು: ಬಲಗಡೆ ಯುಎಸ್‌ಬಿ ಮತ್ತು ಮೈಕ್ರೋಕಂಟ್ರೋಲರು, ಎಡಗಡೆ ಬಫರು ಮತ್ತು ಜ್ಯಾಕು, ನಡುವೆ ಎಡಿಸಿ. ಕ್ಲಾಕು ಹೊರಡುವ ಕಡೆಯೇ 33 ಓಮಿನ ರೆಸಿಸ್ಟರು. ಎಡಿಸಿಯ 5 ವೋಲ್ಟಿಗೆ ಗದ್ದಲ ತಡೆಯುವ ಫೆರೈಟ್ ಬೀಡು. ದುಡ್ಡು ಜಾಸ್ತಿಯಾಯಿತು, ಆದರೆ ಎರಡು ಲೇಯರಿನಲ್ಲಿ ಕಳೆದ ಭಾನುವಾರಗಳಿಗೆ ಹೋಲಿಸಿದರೆ ಅಗ್ಗವೇ.

ಮೊದಲ ಬೋರ್ಡಿನ ಇನ್ನೊಂದು ಅವಮಾನವನ್ನೂ ಹೇಳಿಬಿಡಬೇಕು. 6.35 ಮಿಲಿಮೀಟರಿನ ಜ್ಯಾಕು ಕೂರಲೇ ಇಲ್ಲ. ಡೇಟಾಶೀಟಿನ ಚಿತ್ರ ಕೆಳಗಿನಿಂದ ನೋಡಿದ್ದು, ನಾನು ಬರೆದಿದ್ದು ಮೇಲಿನಿಂದ ನೋಡಿದಂತೆ. ಕನ್ನಡಿಯ ಬಿಂಬ! ಈಗ ಬೋರ್ಡು ಮಾಡಲು ಕಳಿಸುವ ಮೊದಲು ವಿನ್ಯಾಸವನ್ನು ನಿಜವಾದ ಅಳತೆಯಲ್ಲೇ ಪ್ರಿಂಟ್ ತೆಗೆದು, ಲಗ್ನಪತ್ರಿಕೆಯ ರಟ್ಟಿಗೆ ಅಂಟಿಸಿ, ಪ್ರತಿ ಜ್ಯಾಕಿನ ಕಾಲನ್ನೂ ಅದರಲ್ಲಿ ಚುಚ್ಚಿ ನೋಡುತ್ತೇನೆ. ನಮ್ಮ ಮನೆಯಲ್ಲಿ ಲಗ್ನಪತ್ರಿಕೆಗೇನೂ ಬರವಿಲ್ಲ.

ಎರಡನೇ ಬೋರ್ಡಿನಲ್ಲೂ ಒಂದು ವಿಚಿತ್ರ ಕಂಡಿತು. ಟೇಬಲ್ ಮುಟ್ಟಿದರೆ ರೆಕಾರ್ಡಿಂಗಿನಲ್ಲಿ ‘ಟಪ್’. ಪಿಯೆಜೊ ತೆಗೆದಿಟ್ಟರೂ ‘ಟಪ್’. ಪೆನ್ಸಿಲ್ಲಿನ ಹಿಂಬದಿಯಿಂದ ಒಂದೊಂದೇ ಪಾರ್ಟನ್ನು ಕುಟ್ಟುತ್ತಾ ಹೋದೆ, ಸಿಗ್ನಲ್ ದಾರಿಯಲ್ಲಿದ್ದ 1 ಮೈಕ್ರೋಫ್ಯಾರಡಿನ ಸೆರಾಮಿಕ್ ಕೆಪ್ಯಾಸಿಟರಿನ ಮೇಲೆ ಅದು ಡೋಲಾಯಿತು. ಎಕ್ಸ್7ಆರ್ ಜಾತಿಯ ಸೆರಾಮಿಕ್ಕು ತಾನೇ ಪಿಯೆಜೊ ಥರ, ಅಲುಗಾಡಿದರೆ ವೋಲ್ಟೇಜು ಕೊಡುತ್ತದೆ. ನಾನು ಒಂದು ಮೈಕಿಗೆ ಬೋರ್ಡು ಮಾಡಿದ್ದೆ, ಬೋರ್ಡಿನಲ್ಲೇ ಇನ್ನೊಂದು ಮೈಕು ಇತ್ತು. ಫಿಲ್ಮ್ ಕೆಪ್ಯಾಸಿಟರಿಗಾಗಿ ಎಸ್.ಪಿ. ರೋಡಿಗೆ ಹೋದೆ. ಅಂಗಡಿಯವರು ಡಬ್ಬ ಮುಂದಿಟ್ಟು, “ಫ್ಯಾನ್ ರಿಪೇರಿಗಾ ಸಾರ್?” ಅಂದರು. ವೀಣೆಗೆ ಅಂದೆ. ನಕ್ಕು ಎರಡು ಜಾಸ್ತಿ ಹಾಕಿದರು.

ಈಗ ಸದ್ದೆಲ್ಲ ಅಡಗಿದೆ ಅನ್ನುವಾಗ ಮೌನದಲ್ಲಿ ಸೆಕೆಂಡಿಗೊಂದು ‘ಟಿಕ್’ ಉಳಿದಿತ್ತು. ಹೆಡ್‌ಫೋನಿನ ವಾಲ್ಯೂಮು ಪೂರ್ತಿ ಏರಿಸಿದರೆ ಮಾತ್ರ ಕೇಳುವಷ್ಟು. ಅದು ನಾನೇ ಆಸೆಪಟ್ಟು ಇಟ್ಟಿದ್ದ, ಮಿಣುಕುವ ಹಸಿರು ಎಲ್‌ಇಡಿ. ಅದು ಹತ್ತುವಾಗ ಎಳೆಯುವ ನಾಲ್ಕೈದು ಮಿಲಿಆಂಪ್ ಕೂಡ ಗೊತ್ತಾಗುತ್ತಿತ್ತು. ಅದರ ರೆಸಿಸ್ಟರನ್ನು ಕಿತ್ತೆ. ಮರುದಿನ ಬೆಳಗ್ಗೆ ಅಮ್ಮ ವೀಣೆ ಹಿಡಿದು ಕೂತಳು, ತಂತಿಗೆ ಬೆರಳಿಟ್ಟವಳು ಮೀಟದೆ ಬೋರ್ಡನ್ನೇ ನೋಡಿದಳು.

“ಲೈಟೇ ಹತ್ತಿಲ್ವಲ್ಲೋ, ಆನ್ ಮಾಡಿದ್ದೀಯಾ?”