ಹೈಡ್ರೋಸೀಡಿಂಗ್‌ನಲ್ಲಿ ಹುಲ್ಲುಹಾಸು: ಸಿಂಪಡಿಸುವ ಮುಂಚೆ, ಸಿಂಪಡಿಸಿದ ಮೇಲೆ

ಹುಲ್ಲಿನ ಬೀಜ, ನೀರು, ಮರದ ನಾರು ಇಲ್ಲವೇ ಕಾಗದದ ತಿರುಳು, ಒಂದಿಷ್ಟು ಗೊಬ್ಬರ, ಜೊತೆಗೆ ಅಂಟು. ಇಷ್ಟನ್ನೂ ಟ್ಯಾಂಕಿನಲ್ಲಿ ಕಲಸಿ ಪೈಪಿನಿಂದ ನೆಲಕ್ಕೆ ಸಿಂಪಡಿಸುವುದೇ ಹೈಡ್ರೋಸೀಡಿಂಗ್. ಅಂಟಿಗೆ ಹೆಚ್ಚಾಗಿ ಬಳಸುವುದು ಗೋರಿಕಾಯಿ ಜಾತಿಯ ಬೀಜದಿಂದ ತೆಗೆದ ಗೌರ್ ಗಮ್. ಇಳಿಜಾರಿನಲ್ಲೂ ಬೀಜ ಜಾರದೆ ಕೂರುವುದು ಇದರಿಂದಲೇ. ಎಲ್ಲಿ ಬಿತ್ತು, ಎಲ್ಲಿ ಬಿಟ್ಟುಹೋಯಿತು ಅಂತ ಕಾಣಲಿ ಎಂದು ಹಸಿರು ಬಣ್ಣವನ್ನೂ ಹಾಕುತ್ತಾರೆ.

ಸಿಂಪಡಿಸುವ ಕೆಲಸ ಬೇಗ ಮುಗಿಯುತ್ತದೆ. ಹುಲ್ಲು ಬರುತ್ತದೋ ಇಲ್ಲವೋ ಅನ್ನುವುದು ಮಾತ್ರ ನೆಲ ಹದ ಮಾಡಿದ ರೀತಿ ಮತ್ತು ಆಮೇಲಿನ ಮೂರು ವಾರದ ನೀರಿನ ಮೇಲೆ ನಿಂತಿದೆ.

ಮೊದಲು ಕಳೆ. ಬೇರು ಸಮೇತ ಕಿತ್ತು, ನೆಲಕ್ಕೆ ನೀರು ಹಾಯಿಸಿ, ಎರಡು ವಾರ ಸುಮ್ನೆ ಬಿಡಿ. ಅಡಗಿದ್ದ ಕಳೆ ಬೀಜವೆಲ್ಲ ಮೊಳಕೆ ಒಡೆಯುತ್ತದೆ, ಆಗ ಇನ್ನೊಮ್ಮೆ ತೆಗೆಯಿರಿ. ದಯವಿಟ್ಟು ಇದನ್ನು ಬಿಡಬೇಡಿ, ಯಾಕೆಂದರೆ ಎಳೆ ಹುಲ್ಲಿನ ನಡುವೆ ಕಳೆ ಬಂದರೆ ಔಷಧಿ ಹೊಡೆಯುವ ಹಾಗೂ ಇಲ್ಲ, ಒಳಗೆ ಕಾಲಿಟ್ಟು ಕೀಳುವ ಹಾಗೂ ಇಲ್ಲ. ಆಮೇಲೆ 10ರಿಂದ 15 ಸೆಂ.ಮೀ. ಆಳ ಅಗೆದು, ಕಲ್ಲು ಆರಿಸಿ, ಗೋಡೆಯ ಕಡೆಗೆ ನೀರು ಹರಿಯದಂತೆ ಮಟ್ಟ ಮಾಡಿ. ಮಣ್ಣಿನ ಪಿಎಚ್ (ಹುಳಿ-ಕ್ಷಾರದ ಅಳತೆ) 6ರಿಂದ 7ರ ಒಳಗಿದ್ದರೆ ಒಳ್ಳೆಯದು. ಮಣ್ಣನ್ನು ತೀರಾ ಹಿಟ್ಟಿನಂತೆ ಪುಡಿ ಮಾಡಿದರೆ ನೀರು ಬಿದ್ದಾಗ ಮೇಲೆ ಹೆಪ್ಪುಗಟ್ಟುತ್ತದೆ. ಬಟಾಣಿ ಗಾತ್ರದ ಹೆಂಟೆಗಳು ಇರಲಿ. ಕಾಲಿಟ್ಟರೆ ಹೆಜ್ಜೆ ಒಂದು ಸೆಂ.ಮೀ. ಇಳಿಯಬೇಕು. ಅದಕ್ಕಿಂತ ಜಾಸ್ತಿ ಇಳಿದರೆ ರೋಲರ್ ಓಡಿಸಿ.

ಬರ್ಮುಡಾದಂಥ ಹುಲ್ಲಿಗೆ ನೆಲ ಬೆಚ್ಚಗಿರಬೇಕು. ರೈ, ಫೆಸ್ಕ್ಯೂ ಹುಲ್ಲಿಗೆ ತಂಪು ಹವೆ ಸರಿ.

ಕಲಸಿದ್ದನ್ನು ಅದೇ ದಿನ ಖಾಲಿ ಮಾಡಿ, ಗೊಬ್ಬರದ ನೀರಿನಲ್ಲಿ ನೆನೆದೇ ಇದ್ದರೆ ಬೀಜ ಕೆಡುತ್ತದೆ. ಒಂದು ದಿಕ್ಕಿನಿಂದ ಹೊಡೆದು, ಅಡ್ಡ ದಿಕ್ಕಿನಿಂದ ಮತ್ತೆ ಹೊಡೆದರೆ ಹೆಂಟೆಗಳ ಹಿಂಬದಿಗೂ ಬೀಳುತ್ತದೆ. ಜೋರು ಮಳೆಯ ಸೂಚನೆ ಇದ್ದರೆ ಮುಂದೂಡಿ, ಅಂಟು ಒಣಗಿ ನೆಲಕ್ಕೆ ಕಚ್ಚಿಕೊಳ್ಳಬೇಕಲ್ವಾ?

ಇನ್ನು ನೀರು. ದಿನಕ್ಕೆ ಎರಡರಿಂದ ನಾಲ್ಕು ಸಲ, ತುಂತುರಾಗಿ, ಎಲ್ಲೂ ನಿಲ್ಲದಂತೆ, ಹರಿಯದಂತೆ. ಮೇಲಿನ ಪದರ ಹಸಿಯಾಗಿ ಕಂಡರೂ ಕೆಳಗೆ ಒಣಗಿರಬಹುದು, ಅದಕ್ಕೇ ಬೆರಳಿನಿಂದ ಒಂದು ಮೂಲೆ ಎತ್ತಿ ಮಣ್ಣು ಮುಟ್ಟಿ ನೋಡಿ. ಮೊಳಕೆ ಬಿರಿಯುವ ಹೊತ್ತಿನಲ್ಲಿ ಒಂದು ಬಿಸಿಲು ಮಧ್ಯಾಹ್ನ ಒಣಗಿದರೂ ಅಷ್ಟು ಸಸಿ ಸಾಯುತ್ತದೆ. ರೈ ಒಂದು ವಾರದಲ್ಲಿ ಮೇಲೆ ಬರುತ್ತದೆ, ಬರ್ಮುಡಾಗೆ ಒಂದೆರಡು ವಾರ ಬೇಕು, ಬ್ಲೂಗ್ರಾಸ್‌ಗೆ ಮೂರು ವಾರವೂ ಆಗಬಹುದು. ಹುಲ್ಲು ನಿಂತ ಮೇಲೆ ನೀರಿನ ಸರದಿ ಕಡಿಮೆ ಮಾಡಿ, ಪ್ರತಿ ಸಲ ಜಾಸ್ತಿ ಕೊಡಿ, ಬೇರು ಕೆಳಗಿಳಿಯುತ್ತದೆ.

8 ಸೆಂ.ಮೀ. ಬೆಳೆದಾಗ ಮೊದಲ ಕತ್ತರಿಕೆ. ನೆಲ ಒಣಗಿರಲಿ, ಬ್ಲೇಡ್ ಹರಿತವಾಗಿರಲಿ, ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬೇಡಿ. ಮೂರ್ನಾಲ್ಕು ಸಲ ಕತ್ತರಿಸುವವರೆಗೆ ಕಳೆನಾಶಕ ಮುಟ್ಟಬೇಡಿ.