ಅಮೆರಿಕದ ‘ಇವಾಂಜೆಲಿಕಲ್ ವೋಟು’: ಸುದ್ದಿ ಓದುವುದು ಹೇಗೆ, ಪಕ್ಕದ ಮನೆಯವರ ಜೊತೆ ಮಾತಾಡುವುದು ಹೇಗೆ

ನಾನಿರುವುದು ನಾರ್ತ್ ಕೆರೊಲಿನಾದ ಷಾರ್ಲೆಟ್‌ನಲ್ಲಿ. ಇಲ್ಲಿ ಏರ್‌ಪೋರ್ಟ್ ಪಕ್ಕದ ದೊಡ್ಡ ರಸ್ತೆಗೇ ಬಿಲ್ಲಿ ಗ್ರಹಾಂ ಅನ್ನುವ ಧರ್ಮಬೋಧಕರ ಹೆಸರು. ಎಷ್ಟೋ ಕಡೆ ಮತಗಟ್ಟೆ ಇರುವುದೂ ಚರ್ಚಿನ ಹಾಲ್‌ನಲ್ಲೇ. ಚುನಾವಣೆ ಬಂತೆಂದರೆ ಧಾರವಾಡದಿಂದ ನಮ್ಮ ಕಾಕಾ ಫೋನ್ ಮಾಡುತ್ತಾರೆ: “ಚರ್ಚಿನವರೆಲ್ಲ ಟ್ರಂಪ್ ಕಡೆ ಅಂತಲ್ಲೋ, ಖರೇನು?” ಕಾಕಾ ಕೇಳುವುದು ಇವಾಂಜೆಲಿಕಲ್ ಕ್ರೈಸ್ತರ ಬಗ್ಗೆ, ಅಂದರೆ ಬೈಬಲ್ಲೇ ಅಂತಿಮ, ಏಸುವನ್ನು ನಂಬಿ ಮರುಹುಟ್ಟು ಪಡೆಯಬೇಕು, ಅದನ್ನು ಬೇರೆಯವರಿಗೂ ಸಾರಬೇಕು ಅನ್ನುವ ಪ್ರೊಟೆಸ್ಟೆಂಟರ ಬಗ್ಗೆ. ಇದಕ್ಕೆ ಒಂದೇ ಮಾತಿನ ಉತ್ತರ ಇಲ್ಲ.

ಮೊದಲು, ಅಂಕಿ ಯಾರದ್ದು ಅಂತ ನೋಡಿ. ಮತ ಹಾಕಿ ಬಂದವರಿಗೆ ಸಮೀಕ್ಷೆಯವರು ಕೇಳುವುದು ಇಷ್ಟೇ: ನೀವು ‘ಬಾರ್ನ್ ಅಗೇನ್’ (ಮರುಹುಟ್ಟು ಪಡೆದ) ಅಥವಾ ಇವಾಂಜೆಲಿಕಲ್ ಕ್ರೈಸ್ತರಾ? ವಾರವಾರ ಚರ್ಚಿಗೆ ಹೋಗುವವರೂ ಹೌದು ಅನ್ನಬಹುದು, ಕ್ರಿಸ್‌ಮಸ್‌ಗೆ ಮಾತ್ರ ಹೋಗುವವರೂ ಅನ್ನಬಹುದು. ಆಮೇಲೆ ಟಿವಿಯಲ್ಲಿ ಬರುವ ‘ಹತ್ತರಲ್ಲಿ ಸುಮಾರು ಎಂಟು ಮಂದಿ ಟ್ರಂಪ್‌ಗೆ’ ಅನ್ನುವ ಲೆಕ್ಕ ಬಿಳಿಯರದ್ದು ಮಾತ್ರ. ಬೈಬಲ್ಲನ್ನು ಅಷ್ಟೇ ಗಟ್ಟಿಯಾಗಿ ನಂಬುವ ಕಪ್ಪು ಜನರ ಬ್ಯಾಪ್ಟಿಸ್ಟ್ ಚರ್ಚುಗಳಲ್ಲಿ ಬಹುಪಾಲು ಮತ ಡೆಮಾಕ್ರಟಿಕ್ ಪಕ್ಷಕ್ಕೆ. ಅಟ್ಲಾಂಟಾದ ಎಬೆನೆಜರ್ ಚರ್ಚಿನ ಪಾಸ್ಟರ್ ರಫೇಲ್ ವಾರ್ನಾಕ್ 2021ರಿಂದ ಆ ಪಕ್ಷದ ಸೆನೆಟರ್.

ಆಮೇಲೆ ‘ವೋಟರ್ ಗೈಡ್’ ಅನ್ನುವ ಕರಪತ್ರ. 1990ರ ದಶಕದಲ್ಲಿ ಟಿವಿ ಧರ್ಮಬೋಧಕ ಪ್ಯಾಟ್ ರಾಬರ್ಟ್‌ಸನ್ ಅವರ ಕ್ರಿಶ್ಚಿಯನ್ ಕೊಅಲಿಷನ್ ಅನ್ನುವ ಸಂಘಟನೆ ಇದನ್ನು ಚುನಾವಣೆಗೆ ಮುಂಚಿನ ಭಾನುವಾರ ಚರ್ಚುಗಳಲ್ಲಿ ಹಂಚುತ್ತಿತ್ತು. ಈಗಲೂ ಬೇರೆ ಬೇರೆಯವರು ಹಂಚುತ್ತಾರೆ. ನನ್ನ ಕೈಗೆ ಸಿಕ್ಕಿದ್ದರಲ್ಲಿ ಇಬ್ಬರು ಅಭ್ಯರ್ಥಿಗಳ ಫೋಟೋ ಇತ್ತು. ಒಬ್ಬರದು ನಗುಮುಖ, ಇನ್ನೊಬ್ಬರದು ಮಾತಿನ ಮಧ್ಯೆ ಬಾಯಿ ತೆರೆದಾಗ ತೆಗೆದದ್ದು. ಕೆಳಗೆ ಗರ್ಭಪಾತ, ಶಾಲೆ, ಧಾರ್ಮಿಕ ಸ್ವಾತಂತ್ರ್ಯ. ಎದುರಿಗೆ ಬೆಂಬಲ, ವಿರೋಧ. ತಳದಲ್ಲಿ ಇರುವೆ ಗಾತ್ರದ ಅಕ್ಷರ: ‘ನಾವು ಯಾರ ಪರವೂ ಅಲ್ಲ.’

ಆ ಸಾಲು ಸುಮ್ನೆ ಹಾಕಿದ್ದಲ್ಲ. ತೆರಿಗೆ ವಿನಾಯಿತಿ ಪಡೆದ ಚರ್ಚು ವಿಷಯದ ಬಗ್ಗೆ ಮಾತಾಡಬಹುದು, ಆದರೆ ಇಂಥವರಿಗೆ ಮತ ಹಾಕಿ ಅನ್ನುವಂತಿಲ್ಲ ಅಂತ 1954ರಲ್ಲಿ ಕಾನೂನಾಯಿತು. (ಪ್ರಾರ್ಥನೆಯ ವೇಳೆ ಪಾಸ್ಟರ್ ತಮ್ಮ ಸಭೆಗೆ ಹೇಳಿದರೆ ಅದು ಉಲ್ಲಂಘನೆಯಲ್ಲ ಅಂತ ತೆರಿಗೆ ಇಲಾಖೆಯೇ 2025ರ ಜುಲೈನಲ್ಲಿ ಕೋರ್ಟಿಗೆ ತಿಳಿಸಿತು.) ಹೆಸರು ಹೇಳುವಂತಿಲ್ಲ ಅಂದಮೇಲೆ ಜಾಣತನವೆಲ್ಲ ವಿಷಯ ಆರಿಸುವುದರಲ್ಲಿ. ಅದಕ್ಕೇ ಪಟ್ಟಿಯಲ್ಲಿ ಏನಿಲ್ಲ ಅಂತ ಹುಡುಕಿ. ನನಗೆ ಸಿಕ್ಕಿದ ಹಾಳೆಯಲ್ಲಿ ಕನಿಷ್ಠ ಕೂಲಿ, ಆರೋಗ್ಯ ವಿಮೆ, ನಿರಾಶ್ರಿತರು ಯಾವುದೂ ಇರಲಿಲ್ಲ.

ಪಟ್ಟಿಯಲ್ಲಿ ಇರುವುದು ಯಾವಾಗ ಬಂತು ಅಂತಲೂ ಕೇಳಿ. ಗರ್ಭಪಾತವನ್ನೇ ತೆಗೆದುಕೊಳ್ಳಿ. 1971ರಲ್ಲಿ ಇಲ್ಲಿನ ಅತಿ ದೊಡ್ಡ ಪ್ರೊಟೆಸ್ಟೆಂಟ್ ಪಂಗಡವಾದ ಸದರ್ನ್ ಬ್ಯಾಪ್ಟಿಸ್ಟ್ ಕನ್ವೆನ್ಷನ್, ಅತ್ಯಾಚಾರ ಅಥವಾ ತಾಯಿಯ ದೇಹ, ಮನಸ್ಸಿನ ಆರೋಗ್ಯಕ್ಕೆ ಧಕ್ಕೆಯಂಥ ಸಂದರ್ಭದಲ್ಲಿ ಗರ್ಭಪಾತಕ್ಕೆ ಕಾನೂನಿನಲ್ಲಿ ಅವಕಾಶ ಇರಲಿ ಅಂತ ನಿರ್ಣಯ ಮಾಡಿತ್ತು! ಪಾಸ್ಟರ್ ಜೆರ್ರಿ ಫಾಲ್‌ವೆಲ್ ಇವಾಂಜೆಲಿಕಲ್ ಮತದಾರರನ್ನು ಒಗ್ಗೂಡಿಸಲು ‘ಮಾರಲ್ ಮೆಜಾರಿಟಿ’ ಸಂಘಟನೆ ಕಟ್ಟಿದ್ದು 1979ರಲ್ಲಿ, ಗರ್ಭಪಾತವನ್ನು ಹಕ್ಕೆಂದ ಸುಪ್ರೀಂ ಕೋರ್ಟಿನ ‘ರೋ’ ತೀರ್ಪು ಬಂದು ಆರು ವರ್ಷ ಆದಮೇಲೆ. ಇವರನ್ನು ಮೊದಲು ಕೆರಳಿಸಿದ್ದು ಗರ್ಭಪಾತವಲ್ಲ, ವರ್ಣಭೇದ ಮಾಡುವ ಖಾಸಗಿ ಶಾಲೆಗಳ ತೆರಿಗೆ ವಿನಾಯಿತಿಗೆ ಸರ್ಕಾರ ಕೈ ಹಾಕಿದ್ದು ಅನ್ನುವುದು ಇತಿಹಾಸಕಾರ ರಾಂಡಲ್ ಬಾಲ್ಮರ್ ವಾದ. ಎಲ್ಲರೂ ಒಪ್ಪುವುದಿಲ್ಲ. ನನಗೆ ಮಾತ್ರ ಆ ಆರು ವರ್ಷದ ಅಂತರ ತುಂಬಾ ಹೇಳುತ್ತದೆ. 2022ರಲ್ಲಿ ರೋ ತೀರ್ಪು ರದ್ದಾದಾಗ, ಮೊದಲಿನಿಂದಲೂ ಇದೇ ನಮ್ಮ ನಿಲುವು ಅನ್ನುವ ಹಾಗೆ ಎಷ್ಟೋ ಜನ ಸಂಭ್ರಮಿಸಿದರು.

ಹಾಗಂತ ಮತಪೆಟ್ಟಿಗೆಯಿಂದಲೇ ಇವರನ್ನು ಅಳೆಯಬೇಡಿ. ಆಫ್ರಿಕಾದ ಏಡ್ಸ್ ರೋಗಿಗಳಿಗೆ ಔಷಧಿ ಕೊಡಲು 2003ರಲ್ಲಿ ಬುಷ್ ಸರ್ಕಾರ ತಂದ ಯೋಜನೆಯ ಹಿಂದೆ ಇವರ ಒತ್ತಾಸೆ ಇತ್ತು. 2025ರಲ್ಲಿ ಟ್ರಂಪ್ ನಿರಾಶ್ರಿತರ ಪ್ರವೇಶ ನಿಲ್ಲಿಸಿದಾಗ, ಇವರದೇ ವರ್ಲ್ಡ್ ರಿಲೀಫ್ ಸಂಸ್ಥೆ ಬಹಿರಂಗವಾಗಿ ಆಕ್ಷೇಪಿಸಿತು. ಇಂಥ ಒತ್ತಡದ ರಾಜಕೀಯದ ಫಲ ನಮ್ಮೂರಿಗೂ ಬಂದಿದೆ. ಗುಲಾಮರ ವ್ಯಾಪಾರದ ವಿರುದ್ಧ ಹೋರಾಡಿದ ಇಂಗ್ಲೆಂಡಿನ ಇವಾಂಜೆಲಿಕಲ್ ವಿಲ್ಬರ್‌ಫೋರ್ಸ್ ಮತ್ತು ಅವರ ಕಡೆಯವರು ಪಟ್ಟು ಹಿಡಿದು, 1813ರಲ್ಲಿ ಕಂಪನಿ ಸರ್ಕಾರದ ಸೀಮೆಯನ್ನು ಮಿಷನರಿಗಳಿಗೆ ತೆರೆಸಿದರು. 1833ರಲ್ಲಿ ಆ ಬಾಗಿಲು ಇನ್ನಷ್ಟು ತೆರೆಯಿತು. ಮರುವರ್ಷವೇ ಬಾಸೆಲ್ ಮಿಷನ್ ಮಂಗಳೂರಿಗೆ ಬಂತು. 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಟಿತು.

ಇನ್ನು ಪಕ್ಕದ ಮನೆಯವರು. ಯಾರಿಗೆ ಮತ ಹಾಕಿದಿರಿ ಅಂತ ಶುರು ಮಾಡಿದರೆ ಮಾತು ಅಲ್ಲೇ ಮುಗಿಯುತ್ತದೆ. “ನಿಮ್ಮ ಚರ್ಚು ಈ ವರ್ಷ ಯಾವ ಕೆಲಸಕ್ಕೆ ದುಡ್ಡು ಕೂಡಿಸ್ತಿದೆ?” ಅಂತ ಕೇಳಿ. ನಮ್ಮ ಬೀದಿಯ ನಿವೃತ್ತ ಲೈನ್‌ಮನ್ ಒಬ್ಬರಿಗೆ ಹೀಗೆ ಕೇಳಿದ್ದಕ್ಕೆ, 2024ರ ಹೆಲೀನ್ ಚಂಡಮಾರುತದ ನಂತರ ಬೆಟ್ಟದ ಊರುಗಳಲ್ಲಿ ಬಿದ್ದ ಮರ ಕೊಯ್ದ ಕಥೆಯಿಂದ ಹಿಡಿದು, ಶೆರಿಫ್ ಚುನಾವಣೆಯವರೆಗೂ ತಾವಾಗಿಯೇ ಹೇಳಿದರು.

ಬುಧವಾರ ಸಂಜೆ ಚರ್ಚಿನ ಊಟಕ್ಕೆ ಕರೆದರೆ ಹೋಗಿ. ಸಸ್ಯಾಹಾರಿ ಅಂತ ಮೊದಲೇ ಹೇಳಿ. ಇಲ್ಲಿ ಬೀನ್ಸ್ ಪಲ್ಯದಲ್ಲೂ ಹಂದಿಮಾಂಸ ಇರುತ್ತದೆ. ಏಸುವಿನ ಬಗ್ಗೆ ಹೇಳಿಯೇ ಹೇಳುತ್ತಾರೆ, ಅದು ಅವರ ಧರ್ಮ. ನಿಮಗೆ ಬೇಡವಾದರೆ ನಗುತ್ತಾ ಬೇಡ ಅನ್ನಿ, ವಾದಕ್ಕೆ ಇಳಿಯಬೇಡಿ. ಬಾಗಿಲ ಹತ್ತಿರ ಮತದಾರರ ನೋಂದಣಿ ಟೇಬಲ್ ಇದ್ದರೆ ಮಾತ್ರ ಹುಷಾರು. ಗ್ರೀನ್ ಕಾರ್ಡ್, ಎಚ್‌-1ಬಿಯವರು ಆ ಫಾರ್ಮ್‌ಗೆ ಸಹಿ ಹಾಕಲೇಬೇಡಿ. ನಾಗರಿಕರಲ್ಲದವರು ನೋಂದಾಯಿಸಿಕೊಂಡರೆ ದೇಶ ಬಿಡಬೇಕಾಗಿ ಬರಬಹುದು. ಟೇಬಲ್ ಹಿಂದೆ ಕೂತ ಅಜ್ಜಿಗೆ ಅದು ಗೊತ್ತಿರಲಿಕ್ಕಿಲ್ಲ.